ಬಂದೂಕಿನ ಸಾಹೇಬನಿಗೆ ನಾನು ಹೇಳದೆ ಬಿಟ್ಟ ಮಾತು

ಮಾಮಾ, ನಿಮಗೆ ಬಂದೂಕಿನ ಪರವಾನಗಿ ಸಿಗದಂತೆ ಮಾಡಿದವಳು ನಾನು. ಇಂಗ್ಲೆಂಡಿನ ಸರಕಾರವಲ್ಲ, ಅವತ್ತು ಮನೆಗೆ ಬಂದಿದ್ದ ಕೆಂಪು ಮೀಸೆಯ ಪೊಲೀಸ್ ಸಾಹೇಬನೂ ಅಲ್ಲ. ನಾನು, ನಿಮ್ಮ ಹಿರಿಯ ಸೊಸೆ ಸುನಂದಾ. ಅದೂ ನೀವಾಡಿದ ಮಾತಿನಲ್ಲಿ ಅರ್ಧ ನುಂಗಿ. ನುಂಗಿದ್ದಷ್ಟೇ ಆಗಿದ್ದರೆ ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಆಮೇಲೆ ಇನ್ನೊಂದು ಮಾತು ಹೇಳಿದೆನಲ್ಲ — ಅದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಗೆ ಬರುವಷ್ಟು ಧೈರ್ಯ ಇನ್ನೂ ಬಂದಿಲ್ಲ.

ನೀವು ಇಂಗ್ಲೆಂಡಿಗೆ, ನಮ್ಮ ಮನೆಗೆ ಬಂದದ್ದು ಅತ್ತೆಯವರು ತೀರಿಕೊಂಡ ಮರುವರ್ಷ. ಬೈಲಹೊಂಗಲದ ಕಡೆಯ ಗೌಡರು, ಹತ್ತು ಮಂದಿಗೆ ಬುದ್ಧಿ ಹೇಳಿ ರೂಢಿಯಾದವರು, ಇಂಗ್ಲಿಷಿನ ಗಂಧವಿಲ್ಲದವರು. ರೇನರ್ಸ್ ಲೇನಿನ ಈ ಸಣ್ಣ ಮನೆಯಲ್ಲಿ ಹೇಗೆ ದಿನ ನೂಕುತ್ತೀರೋ ಎಂದು ನಿಮ್ಮ ಮಗನಿಗೂ ನನಗೂ ಚಿಂತೆಯಾಗಿತ್ತು. ನಮ್ಮ ಚಿಂತೆ ಎಷ್ಟು ದಂಡ! ಒಂದು ಬೇಸಿಗೆಯೊಳಗೆ ಹಿತ್ತಲಲ್ಲಿ ಮೆಂತ್ಯ ಎದ್ದಿತ್ತು, ಪಕ್ಕದ ಮನೆಯ ಟಾಮ್ ಬೇಲಿಗೆ ಆತುಕೊಂಡು ನಿಂತಿದ್ದ. ಅವನಿಗೆ ಕನ್ನಡ ಬಾರದು, ನಿಮಗೆ ಇಂಗ್ಲಿಷ್ ಬಾರದು. ಆದರೂ ನೀವಿಬ್ಬರೂ ಗಂಟೆಗಟ್ಟಲೆ ಏನು ಮಾತಾಡುತ್ತಿದ್ದಿರಿ ಎನ್ನುವುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಕಳ್ಳತನವಾಯಿತು. ಹಾಡಹಗಲು, ಮಧ್ಯಾಹ್ನ. ನಾನು ಹ್ಯಾರೋದ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸದಲ್ಲಿದ್ದೆ, ನೀವು ಮೇಲಿನ ಕೋಣೆಯಲ್ಲಿ ಉಂಡು ಮಲಗಿದ್ದಿರಿ. ಕೆಳಗಿನಿಂದ ವಿಡಿಯೋ ಪ್ಲೇಯರೂ ದೇವರ ಮುಂದಿನ ಬೆಳ್ಳಿ ಆರತಿ ತಟ್ಟೆಯೂ ಹೋದವು. ಹೋದ ಸಾಮಾನಿಗಾಗಿ ಯಾರೂ ಅಷ್ಟು ನೊಂದಿರಲಿಲ್ಲ. ನೀವು ಮಾತ್ರ ಮನೆಯಲ್ಲಿ ಗಂಡಸು ಇದ್ದೂ ಕಳುವಾಯಿತಲ್ಲ ಎಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದಾಗಿ ಎರಡು ವಾರಕ್ಕೆ ಮಹಾನವಮಿ. ಊರಲ್ಲಿ ಖಂಡೇ ಪೂಜೆ ಎಂದರೆ ನಿಮ್ಮ ಜೋಡು ನಳಿಗೆಯ ಬಂದೂಕಿಗೆ ಎಣ್ಣೆ ಹಚ್ಚಿ, ಜಗಲಿಯ ಮೇಲಿಟ್ಟು, ಹೂವೇರಿಸಿ ಕೈಮುಗಿಯುವುದು. ಇಲ್ಲಿ ನಾನು ಈಳಿಗೆ, ಕತ್ತರಿ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು, ಕಾರಿನ ಕೀಲಿಕೈ ಇಟ್ಟು ಕುಂಕುಮ ಹಚ್ಚಿದ್ದೆ. ನೀವು ಒಂದೊಂದನ್ನೂ ಎತ್ತಿ ನೋಡಿದಿರಿ.

"ಇವೆಲ್ಲಾ ಕಾಯಿಪಲ್ಲೆ ಹೆಚ್ಚಾಕ, ಹುಲ್ಲ ಕೊಯ್ಯಾಕ ಬರ್ತಾವವ್ವಾ. ಮನಿ ಕಾಯೂದು ಯಾವುದೈತಿ ಇದರಾಗ?" ಅಂದಿರಿ.

ಅಂದಿನಿಂದ ಶುರುವಾಯಿತು ನೋಡಿ ನಮ್ಮ ಮನೆಯ ಬಂದೂಕಿನ ಪುರಾಣ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಿಮ್ಮ ಮಗ ನನ್ನ ಕಿವಿಯಲ್ಲಿ ಅಂದರು, ನಿಮ್ಮೆದುರು ಅನ್ನಲಿಲ್ಲ. ಸ್ಟೇಷನ್ ಪಕ್ಕದ ಪೇಪರ್ ಅಂಗಡಿಯಿಂದ ಬೇಟೆಗಾರರ ಮಾಸಪತ್ರಿಕೆ ಬರತೊಡಗಿತು. ನೀವು ಚಿತ್ರ ನೋಡುತ್ತಿದ್ದಿರಿ, ನಾನು ಕೆಳಗಿನ ಬರಹ ಓದಿ ಹೇಳುತ್ತಿದ್ದೆ. ಈ ಮನೆಗೆ ಎಷ್ಟು ಉದ್ದದ ಬಂದೂಕು ಯೋಗ್ಯ ಎನ್ನುವುದನ್ನು ಪರೀಕ್ಷೆ ಮಾಡಲು ನೀವು ನೆಲ ಒರೆಸುವ ಕೋಲು ಹಿಡಿದು ಮೆಟ್ಟಿಲು ಹತ್ತಿ ಇಳಿದದ್ದು, ತಿರುವಿನಲ್ಲಿ ಕೋಲು ಗೋಡೆಗೆ ತಾಗಿ ನಮ್ಮ ಮದುವೆಯ ಫೋಟೋ ಬಿದ್ದದ್ದು... ನಗುತ್ತಲೇ ಬರೆಯುತ್ತಿದ್ದೇನೆ, ಮಾಮಾ. ಆಗ ಏಳು ವರ್ಷದವಳಾಗಿದ್ದ ನಮ್ಮ ಆಶಾ ಸೋಫಾದ ಹಿಂದೆ ಕಳ್ಳನಾಗಿ ಕೂಡುತ್ತಿದ್ದಳು, ನೀವು ಅವಳನ್ನು ಹಿಡಿಯುತ್ತಿದ್ದಿರಿ. ನಳಿಗೆ ಒಂದರ ಮೇಲೊಂದು ಇರುವ ಬಂದೂಕು ನಿಮಗೆ ಸೇರಲಿಲ್ಲ. ನಳಿಗೆ ಪಕ್ಕಪಕ್ಕ ಇದ್ದರೆ ಗಂಡ ಹೆಂಡತಿ ಇದ್ದ ಹಾಗೆ, ಮೇಲೆ ಕೆಳಗೆ ಇದ್ದರೆ ಅತ್ತೆ ಸೊಸೆ ಇದ್ದ ಹಾಗೆ ಎಂದು ಹೇಳಿ, ನನ್ನ ಮುಖ ನೋಡಿ, ಮೀಸೆಯ ಕೆಳಗೆ ನಕ್ಕಿರಿ.

ಈ ಉತ್ಸಾಹಕ್ಕೆ ತಣ್ಣೀರು ಹಾಕಿದವರು ಮೈಸೂರಿನ ಡಾಕ್ಟರ್ ಶ್ರೀಕಂಠ. ಕಿಂಗ್ಸ್‌ಬರಿಯ ಅವರ ಮನೆಯ ಯುಗಾದಿ ಊಟದಲ್ಲಿ ನೀವು ವಿಷಯ ಎತ್ತಿದಿರಿ. ಅವರು ಒಬ್ಬಟ್ಟು ಮುರಿಯುತ್ತ, ಬಹಳ ಮರ್ಯಾದೆಯಿಂದ ವಿವರಿಸಿದರು. ಈ ದೇಶದಲ್ಲಿ ಪಿಸ್ತೂಲು ಬಂದ್ ಆಗಿದೆ. ಉದ್ದ ಬಂದೂಕಿಗೆ ಪರವಾನಗಿ ಕೊಡುತ್ತಾರೆ, ಆದರೆ ಆಟಕ್ಕೆ, ಬೇಟೆಗೆ. ಕಳ್ಳನಿಗಾಗಿ ಬೇಕು ಎಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಕೊಟ್ಟ ಮೇಲೂ ಅದು ಗೋಡೆಗೆ ಬಿಗಿದ ಕಬ್ಬಿಣದ ಕಪಾಟಿನಲ್ಲಿ ಕೀಲಿ ಹಾಕಿಕೊಂಡೇ ಇರಬೇಕು.

"ಹಂಗಾರ ಕಳ್ಳ ಬಂದಾಗ, ತಡಿಯಪಾ ತಮ್ಮಾ, ಕೀಲಿ ಹುಡಕತೇನಿ ಅನಬೇಕೇನ್ರಿ ಡಾಕ್ಟರ?" ಎಂದು ನೀವು ಕೇಳಿದಾಗ ಇಡೀ ಪಂಕ್ತಿ ನಕ್ಕಿತು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ನಡುವೆ ಟಾಮ್ ಬಂದ. ಅವನು ಮೊದಲಿನಿಂದಲೂ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟದವನು. ಯಂತ್ರವೊಂದು ಬಿಲ್ಲೆಯನ್ನು ಆಕಾಶಕ್ಕೆ ಎಸೆಯುತ್ತದೆ, ಅದು ಹಾರುವಾಗಲೇ ಹೊಡೆದು ಒಡೆಯಬೇಕು. ಕಲಿಯಲು ಬಂದವರಿಗೆ ಮೈದಾನದವರೇ ಬಂದೂಕು ಕೊಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ, ಪರವಾನಗಿ ಬೇಕಿಲ್ಲ. ಒಂದು ಭಾನುವಾರ ನಿಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ಸಂಜೆ ಬಂದವರೇ ಬೂಟು ಸಹ ಬಿಚ್ಚದೆ ಅಡುಗೆಮನೆಗೆ ಬಂದು, ಇಪ್ಪತ್ತೈದರಲ್ಲಿ ಹತ್ತೊಂಬತ್ತು ಒಡೆದೆ ಎಂದಿರಿ. ನಿಮ್ಮ ಹಿಂದೆ ನಿಂತಿದ್ದ ಟಾಮ್ ತಾನು ಒಡೆದದ್ದು ಹನ್ನೆರಡು ಎಂದು ಬೆರಳು ಮಡಚಿ ತೋರಿಸಿದ. ಆಮೇಲೆ ಯಾವ ಭಾನುವಾರವೂ ತಪ್ಪಲಿಲ್ಲ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಟಾಮ್‌ಗೂ ಎರಡು ಹೆಚ್ಚಿಗೆ. ನೀವು ಹಾಡು ಗುನುಗುವುದನ್ನು ನಾನು ಮೊದಲ ಸಲ ಕೇಳಿದ್ದು ಆ ವರ್ಷ. ನಿಮ್ಮ ಮಗ ಒಂದು ದಿನ ಬಾಗಿಲ ಸಂದಿಯಲ್ಲಿ ನಿಂತು ಅದನ್ನು ಕೇಳಿಸಿಕೊಂಡು, ಕಣ್ಣು ಒರೆಸಿಕೊಂಡು ಕೆಲಸಕ್ಕೆ ಹೋದರು.

ನಿಮ್ಮದೇ ಒಂದು ಬಂದೂಕು ಬೇಕು ಎಂದು ಅರ್ಜಿ ಹಾಕಿದಿರಿ. ನಾನೇ ತುಂಬಿದೆ. ಡಾಕ್ಟರ್ ಶ್ರೀಕಂಠ ನಿಮ್ಮನ್ನು ಬಲ್ಲೆನೆಂದು ಸಹಿ ಹಾಕಿದರು. ಪೊಲೀಸರ ಕಡೆಯಿಂದ ಒಬ್ಬ ಸಾಹೇಬ ಮನೆಗೆ ಬಂದು ಮಾತಾಡಿಸುತ್ತಾನೆ ಎಂದು ಕಾಗದ ಬಂತು.

ನನಗೆ ಬಂದೂಕು ಬೇಡವಾಗಿತ್ತು, ಮಾಮಾ. ಕಬ್ಬಿಣದ ಕಪಾಟನ್ನು ಬಿಗಿಯಲು ನೀವು ಗುರುತು ಹಾಕಿದ್ದ ಗೋಡೆ ಆಶಾಳ ಮಂಚದ ಮಗ್ಗುಲಿನದು. ಆ ಮಂಚವನ್ನು ನಾನು ಎರಡು ಸಲ ಎದುರು ಗೋಡೆಗೆ ಸರಿಸಿ ನೋಡಿದ್ದೆ. ಬೇಡ ಎಂದು ನೇರವಾಗಿ ಹೇಳಬಹುದಿತ್ತು — ಹೇಳಬೇಕಿತ್ತು. ನೀವು ಸಿಟ್ಟಾಗುತ್ತಿದ್ದಿರೋ ಏನೋ, ಆದರೆ ಕೇಳುತ್ತಿದ್ದಿರಿ. ಹೇಳಲಿಲ್ಲ. ಮಗಳ ಸಲುವಾಗಿ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ಸತ್ಯವಲ್ಲ. ಊರಿನ ನಿಮ್ಮ ಮನೆಯಲ್ಲಿ ನಾನು ನಿಮ್ಮೆದುರು ಕುರ್ಚಿಯ ಮೇಲೆ ಕೂತವಳಲ್ಲ. ಈ ಮನೆ ನನ್ನದಾಗಿತ್ತು. ಜಿಪಿ ಡಾಕ್ಟರ ಹತ್ತಿರ ಹೋದರೆ ನಿಮ್ಮ ಮೊಣಕಾಲು ನೋವಿನಿಂದ ಹಿಡಿದು ಮಲಬದ್ಧತೆಯವರೆಗೆ ಎಲ್ಲವೂ ನನ್ನ ಬಾಯಿಂದಲೇ ಇಂಗ್ಲಿಷ್ ಆಗಬೇಕು. ಬಂದೂಕು ಬಂದರೆ ನೀವು ಮತ್ತೆ ಗೌಡರಾಗುತ್ತೀರಿ, ನಾನು ಮತ್ತೆ ಸೆರಗು ಹೊದ್ದ ಸೊಸೆ — ಇಂಥದ್ದೇನೋ ಒಂದು ಸಣ್ಣತನ ನನ್ನೊಳಗೆ ಇತ್ತು. ಬರೆಯಲು ನಾಚಿಕೆಯಾಗುತ್ತದೆ.

ಸಾಹೇಬ ಬಂದದ್ದು ಮಂಗಳವಾರ ಬೆಳಿಗ್ಗೆ. ನಿಮ್ಮ ಮಗ ಕೆಲಸಕ್ಕೆ ಹೋಗಿದ್ದರು. ನೀವು ಧೋತರ ಉಟ್ಟು, ಇಸ್ತ್ರಿ ಮಾಡಿದ ಕೋಟು ಹಾಕಿ, ರುಮಾಲು ಸುತ್ತಿ ಕೂತಿದ್ದಿರಿ. ಒಳ್ಳೆಯ ಮನುಷ್ಯ ಆತ, ಚಹಾ ಕುಡಿದ, ನಾನು ಕೊಟ್ಟ ಅವಲಕ್ಕಿ ಚೂಡಾ ಎರಡು ಸಲ ಹಾಕಿಸಿಕೊಂಡ. ಆಮೇಲೆ ಕಾಗದ ತೆರೆದು, ಬಂದೂಕು ಯಾಕೆ ಬೇಕೆಂದು ಕೇಳಿದ. ನಾನು ಕನ್ನಡದಲ್ಲಿ ಕೇಳಿದೆ. ಮಣ್ಣಿನ ಬಿಲ್ಲೆ ಎಂದಷ್ಟೇ ಹೇಳಿ ಎಂದು ಡಾಕ್ಟರು ನಿಮಗೆ ನೂರು ಸಲ ಹೇಳಿಕೊಟ್ಟಿದ್ದರು. ನಿಮಗೆ ಸುಳ್ಳಿನ ವಾಸನೆಯೂ ಆಗದು. ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ.

"ಮೊದಲ ನನಗ ಕಳ್ಳಗ ಅಂತನ ಬೇಕಾಗಿತ್ರಿ ಸಾಹೇಬ್ರ. ಈಗ ಕಳ್ಳನ ನೆಪ್ಪು ಹೋಗೇತಿ. ಆ ಬಿಲ್ಲಿ ಮ್ಯಾಲ ಹಾರಿದಾಗ ನನಗ ಅರವತ್ತೆಂಟು ಆಗೇತಿ, ನನ್ನ ಹೇಣ್ತಿ ಸತ್ತಾಳ ಅನ್ನೂದ ಸೈತ ಒಂದ್ ಚಣ ಮರತಹೋಗತೈತಿ. ಅದಕ್ಕ ಬೇಕ್ರಿ."

ಸಾಹೇಬ ನನ್ನ ಕಡೆ ನೋಡಿದ. ನಾನು ನಿಮ್ಮ ಮೊದಲ ವಾಕ್ಯವನ್ನಷ್ಟೇ, ಅದರಲ್ಲೂ 'ಮೊದಲು' ಎಂಬುದನ್ನು ಬಿಟ್ಟು, ಇಂಗ್ಲಿಷಿಗೆ ತಂದೆ. ಕಳ್ಳ ಬಂದರೆ ಎಂದು ಇವರಿಗೆ ಬಂದೂಕು ಬೇಕು — ಅಷ್ಟೇ. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ನನ್ನ ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

ಆತ ಪೆನ್ನು ಕೆಳಗಿಟ್ಟ. ನಿಜವಾಗಿ ಬೇಸರ ಮಾಡಿಕೊಂಡ. ಈ ಕಾರಣಕ್ಕೆ ಕೊಡಲು ಬರುವುದಿಲ್ಲ, ತಿರಸ್ಕಾರ ಮಾಡಿಸಿಕೊಳ್ಳುವುದಕ್ಕಿಂತ ಅವರೇ ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು ಎಂದ. ಏನಂದರು ಎಂದು ನೀವು ಕೇಳಿದಿರಿ. ಇಲ್ಲಿದೆ, ಮಾಮಾ, ನಾನು ಬರಲು ಹೆದರಿದ ಜಾಗ. ನನ್ನ ಅರ್ಧ ಮಾತು ಹೊರಬೀಳಬಾರದು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ.

"ವಯಸ್ಸಾಗೇತಿ, ಕೈ ನಡಗತಾವು, ಇಂಥಾ ಕೈಯಾಗ ಕೊಡಾಕ ಬರೂದಿಲ್ಲ ಅಂತಾರ, ಮಾಮಾ."

ನೀವು ನಿಮ್ಮ ಎರಡೂ ಅಂಗೈಗಳನ್ನು ತಿರುವಿ ನೋಡಿಕೊಂಡಿರಿ. ಸಾಹೇಬ ಕೊಟ್ಟ ಕಾಗದಕ್ಕೆ ಸಹಿ ಮಾಡುವಾಗ ಆ ಕೈ ನಿಜವಾಗಿಯೇ ನಡುಗಿತು. ಅದನ್ನು ನೀವೂ ಕಂಡಿರಿ, ನಾನೂ ಕಂಡೆ. ಹತ್ತೊಂಬತ್ತು ಬಿಲ್ಲೆ ಒಡೆದ ಕೈ ಅದು, ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ಭಾನುವಾರ ಟಾಮ್ ಬಂದು ಹಾರ್ನ್ ಹೊಡೆದ, ಈ ಕೈಗೆ ಇನ್ನು ಬಂದೂಕು ಬೇಡ ಎಂದು ನೀವು ಹೋಗಲಿಲ್ಲ. ಮಾಮಾ ದಣಿದಿದ್ದಾರೆ ಎಂದು ಅವನಿಗೂ ನಾನೇ ಹೇಳಿದೆ. ಕೆಲವು ವಾರ ಬಂದ, ಆಮೇಲೆ ಅವನ ಸ್ನೇಹ ಬೇಲಿಯ ಹತ್ತಿರದ ಮಾತಿಗಷ್ಟೇ ನಿಂತಿತು. ನೀವು ನನ್ನ ಮೇಲೆ ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ತೋಟ ಬಿಡಲಿಲ್ಲ, ಆಶಾಳ ಸಂಗಡ ಇಸ್ಪೀಟು ಬಿಡಲಿಲ್ಲ, ಅವಳು ಮೋಸ ಮಾಡಿದಾಗ ಗದರಿಸುವುದನ್ನೂ ಬಿಡಲಿಲ್ಲ. ಮನೆ ನಗುತ್ತಲೇ ಇತ್ತು. ಹಾಗಾಗಿ ನಾನೂ ಮರೆತೆ — ಮರೆಯುವುದು ಬಹಳ ಸುಲಭವಾಯಿತು.

ಮರುವರ್ಷ ವಿನಯ ಹುಟ್ಟಿದ. ಆಸ್ಪತ್ರೆಯಲ್ಲಿ ನಿಮ್ಮ ಮಗ ಕೂಸನ್ನು ನಿಮ್ಮ ಮುಂದೆ ಹಿಡಿದರು. ನೀವು ಕೈ ಹಿಂದಕ್ಕೆ ಕಟ್ಟಿಕೊಂಡು, ಬಗ್ಗಿ, ಮೂಸಿ, ನಕ್ಕಿರಿ. ಎತ್ತಿಕೊಳ್ಳಲಿಲ್ಲ. ಮನೆಗೆ ಬಂದ ಮೇಲೂ ಅಷ್ಟೇ. ನಾನು ನಿಮ್ಮ ತೊಡೆಯ ಮೇಲೆ ದಿಂಬಿಟ್ಟು ಕೂಸನ್ನು ಮಲಗಿಸಿದರೆ ಸುಮ್ಮನೆ ಕೂತು ನೋಡುತ್ತಿದ್ದಿರಿ, ಕೈ ಮಾತ್ರ ಮುಟ್ಟಿಸುತ್ತಿರಲಿಲ್ಲ. ಗಂಡು ಹಿರಿಯರಿಗೆ ಎಳೆಕೂಸು ಎತ್ತಲು ಸಂಕೋಚ ಎಂದು ನಿಮ್ಮ ಮಗ ಅಂದುಕೊಂಡರು. ಆಶಾ ಹುಟ್ಟಿದ ವರ್ಷ ನಾವು ಊರಿಗೆ ಬಂದಾಗ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಊರೆಲ್ಲ ತಿರುಗಿದವರು ನೀವು ಎಂಬುದು ನನಗೆ ನೆನಪಿತ್ತು. ಕಾರಣ ಗೊತ್ತಿದ್ದವಳು ನಾನೊಬ್ಬಳೇ.

ಬರುವ ಶನಿವಾರ ಕಿಂಗ್ಸ್‌ಬರಿಯಲ್ಲಿ ನಿಮ್ಮ ಕಿರಿಯ ಮಗ ಸಂತೋಷನ ಕೂಸಿಗೆ ಹೆಸರಿಡುವ ಕಾರ್ಯ. ಅತ್ತೆಯವರ ಹೆಸರನ್ನೇ ಇಡುತ್ತಿದ್ದಾರೆ. ನೀವೇ ಕೂಸನ್ನು ಎತ್ತಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು ಎಂದು ಸಂತೋಷ ನಿನ್ನೆ ಫೋನಿನಲ್ಲಿ ಕೇಳಿದ. ನಾನು ಪಕ್ಕದಲ್ಲೇ ಚಪಾತಿ ಲಟ್ಟಿಸುತ್ತಿದ್ದೆ. ನೀವು ಅಂದದ್ದು ಕೇಳಿಸಿತು.

"ದೊಡ್ಡಾಂವ ಹಿಡೀಲಿ ತಗೋಪಾ. ನನ್ನ ಕೈ ಭರೋಸ ಇಲ್ಲ. ಹಿಂದ ಸರಕಾರದವರನ ಹೇಳ್ಯಾರ."

ಒಂಬತ್ತು ವರ್ಷ, ಮಾಮಾ. ಒಂಬತ್ತು ವರ್ಷ ನೀವು ನನ್ನ ಒಂದು ಸುಳ್ಳನ್ನು ರಾಣಿಯ ಅಪ್ಪಣೆಯಂತೆ ಪಾಲಿಸಿದ್ದೀರಿ.

ಬಂದೂಕು ಮನೆಗೆ ಬರಲಿಲ್ಲ ಎಂದು ನನಗೆ ಇವತ್ತಿಗೂ ದುಃಖವಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಕೈಯನ್ನು ನಿಮಗೇ ಬೇಡವಾಗಿಸಿದೆನಲ್ಲ, ಅದಕ್ಕೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ. ಆ ಸಾಹೇಬ ನಿಮ್ಮ ಕೈಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊರಡುವಾಗ ಬಾಗಿಲಲ್ಲಿ, ಎಷ್ಟು ಗಟ್ಟಿಯಾಗಿ ಕೈಕುಲುಕುತ್ತಾರೆ ಇವರು ಎಂದ. ಅದನ್ನೂ ನಾನು ನಿಮಗೆ ಹೇಳಲಿಲ್ಲ.

ಇದೆಲ್ಲವನ್ನು ಎದುರಿಗೆ ಕೂತು ಹೇಳಬಹುದಿತ್ತು. ಹೇಳಲು ಹೋದರೆ ಎಲ್ಲಿ ಅರ್ಧಕ್ಕೆ ನಿಲ್ಲಿಸುತ್ತೇನೋ, ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆದು ನಿಮ್ಮ ಓದುವ ಚಾಳೀಸಿನ ಕೆಳಗೆ ಇಟ್ಟು ಕೆಲಸಕ್ಕೆ ಹೋಗುತ್ತಿದ್ದೇನೆ. ನೀವೇ ಓದಿರಿ. ನಡುವೆ ನಾನು ಇರುವುದಿಲ್ಲ. ಸಂಜೆ ನಾನು ಬಂದಾಗ ಬೈಯಬೇಕೆನಿಸಿದರೆ ಬೈಯಿರಿ, ಮಾತು ಬಿಡಬೇಕೆನಿಸಿದರೆ ಬಿಡಿರಿ. ಎರಡೂ ನನಗೆ ಸಲ್ಲಬೇಕಾದವು. ನಿಮ್ಮ ಮಗನಿಗೂ ಇವತ್ತು ರಾತ್ರಿ ಹೇಳುತ್ತೇನೆ.

ಈಗ ನಿಮಗೆ ಎಪ್ಪತ್ತೇಳು. ಈ ಕಾಗದ ಹಿಡಿದ ಕೈ ಇವತ್ತು ಸ್ವಲ್ಪ ನಡುಗುತ್ತಿದ್ದರೂ ಇರಬಹುದು. ನಡುಗಲಿ ಬಿಡಿ. ಕೂಸು ಹುಟ್ಟಿ ಇನ್ನೂ ಹನ್ನೆರಡು ದಿನ ಆಗಿಲ್ಲ, ಏನು ಮಹಾ ಭಾರ. ಶನಿವಾರ ನೀವೇ ಎತ್ತಿಕೊಳ್ಳಿರಿ, ಮಾಮಾ.