ಸೂತಕದಲ್ಲಿ ಬಡಿಸಬಾರದು

ವಂಡ್ಸೆಯ ಸೂರನಿಗೆ ಊರು ಇಟ್ಟ ಹೆಸರು ಹಿಕ್ಕೆ ಸೂರ. ಕಾಡಿನಲ್ಲಿ ಬಿದ್ದ ಹಿಕ್ಕೆ ನೋಡಿ ಯಾವ ಪ್ರಾಣಿ, ಏನು ತಿಂದಿತ್ತು, ಯಾವಾಗ ಹೋಯಿತು ಎಂದು ನಿಂತಲ್ಲೇ ಹೇಳುವ ಮನುಷ್ಯ. ಅವನು ಹೆಕ್ಕಿ ತಂದದ್ದನ್ನು ಹೆಂಡತಿ ಸುಗುಣ ಡಬ್ಬಿಗೆ ತುಂಬಿ, ತಾನು ಅಟೆಂಡರ್ ಆಗಿದ್ದ ಬ್ರಹ್ಮಾವರದ ಲ್ಯಾಬಿಗೆ ಬಸ್ಸಿನಲ್ಲಿ ಒಯ್ಯುತ್ತಿದ್ದಳು. ಪಕ್ಕದಲ್ಲಿ ಕುಳಿತವರು ಬುತ್ತಿಯೆಂದೇ ತಿಳಿಯುತ್ತಿದ್ದರು; ಅವಳೂ ತಿದ್ದುತ್ತಿರಲಿಲ್ಲ.

ಲ್ಯಾಬಿನ ಕ್ಷಮಾ ಮೇಡಂ ಹಿಕ್ಕೆಯೊಳಗಿನ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಜಾತಿ ಗುರುತಿಸುವವರು. ಒಂದು ಮುಳ್ಳುಹಂದಿಯ ಹಿಕ್ಕೆಯಲ್ಲಿ ಯಾವ ಪಟ್ಟಿಗೂ ಸೇರದ ಹೊಸ ಜಾತಿಯೊಂದು ಸಿಕ್ಕಿತು. ಅದಕ್ಕೆ ಸೂರನ ಹೆಸರನ್ನೇ ಇಡುವುದೆಂದು ಅವರು ಹೇಳಿದಾಗ ಸೂರ ನಕ್ಕು ನಕ್ಕು ಕೆಮ್ಮಿದ.

"ಹ್ವಾಯ್, ಮಕ್ಳಿಲ್ದ ನಂಗೆ ಹೆಸ್ರ್ ಹೇಳುಕೆ ಒಂದ್ ಹುಳ ಆದ್ರೂ ಸಿಕ್ತಲೆ!"

ಸುಗುಣಳಿಗೆ ನಗು ಬರಲಿಲ್ಲ. ಆ ಹೆಸರು ಉಳಿಯಲೇಬೇಕೆಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಹೆಸರಿಗೆ ಮಾನ್ಯತೆ ಸಿಗಬೇಕಾದರೆ ಎರಡು ದೇಶಗಳ ಬ್ಯಾಕ್ಟೀರಿಯಾ ಸಂಗ್ರಹಾಲಯಗಳಿಗೆ ಜೀವಂತ ಮಾದರಿ ಕೊಡಬೇಕು. ಈ ಜಾತಿಯೋ ಮಹಾ ನಾಜೂಕಿನದು. ಫ್ರೀಜರಿನಲ್ಲಿಟ್ಟರೆ ಮತ್ತೆ ಏಳದು, ಗಾಳಿ ತಾಗಿದರೆ ಉಳಿಯದು. ನಾಲ್ಕು ದಿನಕ್ಕೊಮ್ಮೆ ಒಂದು ಹನಿಯನ್ನು ಹೊಸ ಆಹಾರವಿದ್ದ ಟ್ಯೂಬಿಗೆ ದಾಟಿಸಬೇಕು. ಆ ಕೆಲಸ ಸುಗುಣಳ ಕೈಗೆ ಒಗ್ಗಿದಂತೆ ಇನ್ಯಾರಿಗೂ ಒಗ್ಗಲಿಲ್ಲ; ಬೇರೆಯವರು ದಾಟಿಸಿದ್ದು ಉಳಿಯುತ್ತಿರಲಿಲ್ಲ. ಮುಗಿಸಿ, "ಬಡ್ಸುದ್ ಆಯ್ತ್ ಮೇಡಂ" ಎನ್ನುವಳು. ಲ್ಯಾಬಿನವರೂ ಅದನ್ನು ಬಡಿಸುವುದು ಎಂದೇ ಕರೆಯತೊಡಗಿದರು.

ಮಾದರಿ ಕಳಿಸುವ ಪರವಾನಗಿಗೆಂದು ಮೇಡಂ ದೆಹಲಿಗೆ ಹೋದ ವಾರವೇ ಸೂರ ಕಾಡುದಾರಿಯಲ್ಲಿ ಎದೆ ಹಿಡಿದುಕೊಂಡು ಕುಸಿದ. ಹೆಣ ಮನೆಗೆ ಬಂದಾಗ ಅಂಗಿಯ ಜೇಬಿನಲ್ಲಿ ಅಂದಿನ ಹಿಕ್ಕೆಯ ಪೊಟ್ಟಣ ಹಾಗೇ ಇತ್ತು. ಮೇಡಂ ಫೋನಿನಲ್ಲಿ ಅತ್ತರು. ಗಂಡ ಸತ್ತವಳ ಹತ್ತಿರ ಟ್ಯೂಬಿನ ವಿಷಯ ಎತ್ತಲು ಅವರಿಗೆ ಬಾಯಿ ಬರಲಿಲ್ಲ.

ಸುಗುಣ ಮರೆತಿರಲಿಲ್ಲ. ಬಡಿಸುವ ದಿನ ಬೆಳಿಗ್ಗೆ ಲ್ಯಾಬಿನ ಕೀ ಹಿಡಿದು ಹೊಸಿಲವರೆಗೆ ಬಂದಳು. ಎಲ್ಲಿಗೆ ಎಂದು ಅತ್ತೆ ಅಪ್ಪಿ ಕೇಳಿದರು.

"ಲ್ಯಾಬಂಗೆ ಬಡ್ಸೂಕಿತ್ತ್ ಅತ್ತೆ."

"ಸೂತಕದಾಗೆ ಬಡ್ಸುದಾ? ಎಂತ ಹೆಣ್ಣೆ ನೀನ್! ಸೂತಕದರ್ ಇನ್ನೊಬ್ರಿಗೆ ಬಡ್ಸೂಕಾಗ."

ಮಗನನ್ನು ಕಳೆದುಕೊಂಡ ಮುದುಕಿಗೆ ಗೊತ್ತಿದ್ದದ್ದು ಅನ್ನ ಬಡಿಸುವುದು ಮಾತ್ರ. ಅವರನ್ನು ದೂರಿ ಏನು ಬಂತು? ಸುಗುಣಳಿಗೂ ಅದೇ ಸರಿಯೆಂದು ಕಂಡಿತು. ಗಂಡನ ಹೆಸರು ಹೊರುವ ಜೀವಕ್ಕೆ ಮೈಲಿಗೆಯ ಕೈಯಲ್ಲಿ ಉಣಿಸಿ ಕೇಡು ತಂದರೆ? ಕೀಯನ್ನು ಮೊಳೆಗೆ ತೂಗುಹಾಕಿದಳು. ಆ ಕೆಲಸಕ್ಕೆ ಬೇರೆ ಯಾವ ಹೆಸರಿದ್ದರೂ ಅಂದು ಬಸ್ಸು ಹತ್ತುತ್ತಿದ್ದಳೋ ಏನೋ.

ಸೂತಕ ಕಳೆದು ಉತ್ತರಕ್ರಿಯೆಯ ದಿನ ಸೂರನ ಎಡೆಗೆ ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಅವನಿಗೆ ಇಷ್ಟವಾದದ್ದೆಲ್ಲ ಬಡಿಸಿದಳು. ಮರುದಿನವೇ ಲ್ಯಾಬಿಗೆ ಓಡಿ, ಹಳೆಯ ಟ್ಯೂಬಿನಿಂದ ಒಂದು ಹನಿಯನ್ನು ಹೊಸದಕ್ಕೆ ದಾಟಿಸಿದಳು. ಜೀವವಿದ್ದರೆ ಎರಡು ದಿನದಲ್ಲಿ ಟ್ಯೂಬು ಗಂಜಿತಿಳಿಯಂತೆ ಮಬ್ಬಾಗಬೇಕು. ಐದು ದಿನವಾದರೂ ತಿಳಿಯಾಗಿಯೇ ಇತ್ತು.

ಅಷ್ಟರಲ್ಲಿ ಹಿಂತಿರುಗಿದ ಮೇಡಂ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. ಮತ್ತೆ ಹುಡುಕೋಣವೆಂದರೆ ಆ ಮುಳ್ಳುಹಂದಿಯ ಬಿಲ ಬಲ್ಲವನು ಸೂರನೊಬ್ಬನೇ.

"ತಪ್ಪು ನನ್ನದು ಸುಗುಣಕ್ಕ. ನಾನಾದರೂ ಕೇಳಬೇಕಿತ್ತು."

ಸುಗುಣ ತಲೆ ಅಲ್ಲಾಡಿಸಿದಳು.

"ಸತ್ತರಿಗೆ ಎಲೆ ತುಂಬ ಬಡ್ಸ್ದೆ ಮೇಡಂ. ಬದ್ಕಿದ್ದದಕ್ಕೆ ಒಂದ್ ಹನಿ ಬಡ್ಸಲಿಲ್ಲೆ."