ಕುಟ್ಟಾಣಿಗೆ ತಮಟೆ ಹೊಡೆದ ಮೈಕು

ನಾಗರಬಾವೀಲಿ ನಾನು ಅಡುಗೆ ಮಾಡೋ ಮನೆಯ ಮಹಡಿ ರೂಮಲ್ಲಿ ಕಾಲೇಜು ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಅವತ್ತು ಅವಳ ರೂಮು ಗುಡಿಸಿ, ಎಲೆ ಅಡಿಕೆ ಕುಟ್ಕೊಳ್ಳೋಕೆ ಅಲ್ಲೇ ನೆಲದ ಮೇಲೆ ಕೂತೆ. ಬಾಯಿ ಸುಮ್ಮನಿರುತ್ತಾ? ಕೆಳಗಿನ ಓನರಮ್ಮನ ಸೊಸೆ ತವರಿಗೆ ಹೋಗಿರೋದು ಬಾಣಂತನಕ್ಕಲ್ಲ, ಅತ್ತೆ ಮುಖಕ್ಕೆ ಕಾಫಿ ಲೋಟ ಎಸೆದಿದ್ದಕ್ಕೆ ಅಂತ ಶುರು ಮಾಡ್ದೆ. ಹುಡುಗಿ ಹೂಂಗುಟ್ತಾ ಕಂಪ್ಯೂಟರಲ್ಲಿ ಏನೋ ಒತ್ತಿದಳು.

ನಾನು ಕುಟ್ಟಾಣಿಗೆ ಒಂದು ಏಟು ಹಾಕ್ದೆ. ರೂಮು ಅದುರೋ ಹಂಗೆ ತಮಟೆ ಸದ್ದು ಬಂತು! ಇನ್ನೊಂದು ಏಟು ಹಾಕಿದ್ರೆ ಇನ್ನೊಂದು ಸಲ. ನಮ್ಮ ಕಡೆ ಹೆಣದ ಮುಂದೆ ಹೊಡೆಯೋದು ಅದೇ ತಮಟೆ. ನನ್ನನ್ನೇ ಹೊರಡಿಸೋಕೆ ಬಂದವ್ರೆ ಅಂತ ಕುಟ್ಟಾಣಿ ಬಿಟ್ಟು ಎದ್ದೆ.

“ಹೆದರ್ಬೇಡಿ ಅಜ್ಜಿ, ನಿಮ್ಮ ಪಕ್ಕದಲ್ಲಿರೋದು ನಾನು ಹಾಡು ಮಾಡೋಕೆ ಇಟ್ಟಿರೋ ಮೈಕು. ಅದು ಕೇಳಿಸ್ಕೊಳ್ಳುತ್ತೆ, ಕಂಪ್ಯೂಟರು ಒಂದೊಂದು ಏಟಿಗೂ ತಮಟೆ ಬಾರಿಸುತ್ತೆ.”

ಸಾವಿನ ಭಯ ಹೋಯ್ತು, ಅದಕ್ಕಿಂತ ದೊಡ್ಡದು ಬಂತು.

“ಕೇಳಿಸ್ಕೊಳ್ಳುತ್ತಾ? ಹಂಗಾದ್ರೆ ಆ ಸೊಸೆ ವಿಷಯ? ಓನರಮ್ಮಂಗೆ ಗೊತ್ತಾದ್ರೆ ನನ್ನ ಕೆಲಸ ಹೋಯ್ತು ಕಣೇ! ಅಳಿಸೇ!”

“ಅಳಿಸೋಕೆ ಏನೂ ಇಲ್ಲ ಅಜ್ಜಿ. ಅದಕ್ಕೆ ಜೋರಾಗಿ ಕುಟ್ಟಿದ ಸದ್ದು ಸಾಕು, ಮಾತು ಇಟ್ಕೊಳ್ಳಲ್ಲ.”

ಹೋದ ಜೀವ ಬಂತು. ಆದ್ರೂ ಮೆಟ್ಟಿಲು ಇಳೀತಾ ಬೇಜಾರಾಯ್ತು. ಇಡೀ ಬೀದಿ ಕಿವಿಗೊಡೋ ಅಂಥ ಸುದ್ದಿ ಹೇಳಿದ್ದೆ, ಆ ಮೈಕು ಬರೀ ಅಡಿಕೆ ಸದ್ದು ಕೇಳ್ಕೊಂಡು ಕೂತಿತ್ತಂತೆ!