ಬಾಲ ಕೊಯ್ದ ದೋಣಿ

ಕೆಲವು ದಿನಗಳ ಹಿಂದೆ ತೋಟದ ಸ್ಟೋರಿನ ಮೂಲೆಯಲ್ಲಿ ಖಾಲಿ ಗೋಣಿಗಳನ್ನು ಮಡಿಸಿಡುತ್ತಿದ್ದಾಗ ಒಂದು ಮಣ್ಣಿನ ಗಡಿಗೆ ಕಾಲಿಗೆ ತಾಗಿತು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿದೆ. ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಎಣ್ಣೆಯ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅದು ಒಳ್ಳೆಯ ವಾಸನೆಯೇನೂ ಅಲ್ಲ. ಸುಟ್ಟ ಮರವನ್ನು ಹಳೆಯ ಉಪ್ಪಿನಕಾಯಿಯ ಜೊತೆ ಮುಚ್ಚಿಟ್ಟ ಹಾಗಿರುತ್ತದೆ. ಕರಾವಳಿಯವರು ಅದನ್ನು ದೋಣಿಗೆ ಬಳಿಯುತ್ತಾರೆ. ಕೈಗೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ನನ್ನ ಹೆಂಡತಿ ರೆಜಿನಾಳ ಬಲಗೈಯ ಎರಡು ಬೆರಳುಗಳ ಮೇಲೆ ಆ ಕಪ್ಪು ಯಾವಾಗಲೂ ಇರುತ್ತಿತ್ತು. ಈ ವರ್ಷ ಮುಂಗಾರು ಹಿಡಿಯುವ ಮೊದಲೇ ಚಳಿಜ್ವರ ಬಂದು ಅವಳು ತೀರಿಕೊಂಡಳು. ಕೈಗಳನ್ನು ಜೋಡಿಸಿ ಜಪಸರ ಸುತ್ತುವಾಗ ಹೆಂಗಸರು ಆ ಕಪ್ಪನ್ನು ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿದರು. ಬೇಡ, ಅದು ಹೋಗುವುದಿಲ್ಲ ಎಂದೆ.

ಆ ಎಣ್ಣೆ ಬಳಿಸಿಕೊಳ್ಳಬೇಕಾದ ದೋಣಿ ಸ್ಟೋರಿನ ಹಿಂದಿನ ಮಾಡಿನ ಕೆಳಗೆ ಕವುಚಿ ಬಿದ್ದಿತ್ತು. ಮಳೆಗಾಲವಿಡೀ ನಾನು ಆ ಕಡೆ ಹೋಗಿರಲಿಲ್ಲ. ಮಳೆ ಕಡಿಮೆಯಾದ ಒಂದು ಬೆಳಿಗ್ಗೆ, ಇದನ್ನು ನೋಡುತ್ತಾ ಬದುಕಲಾರೆ, ಒಡೆದು ಹಂಡೆಯ ಒಲೆಗೆ ಹಾಕಿಬಿಡೋಣ ಎಂದು ಕೊಡಲಿ ಹಿಡಿದು ಹೊರಟೆ. ಅದೇ ಹೊತ್ತಿಗೆ ಹೊಳೆಯಾಚೆಯ ಬಸಪ್ಪನವರು ಬಂದರು. ಅವರದು ಆಲೂರು ಕಡೆಯ ಶಿವಭಕ್ತ ಒಕ್ಕಲು ಮನೆತನ. ಬೆಳಿಗ್ಗೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು. ಮೀನು ಕಂಡರೆ ಮುಖ ತಿರುಗಿಸುವವರು. ಆದರೂ ನಮ್ಮ ಹಳೆಯ ಸ್ನೇಹಿತರು.

“ಸುಡಬ್ಯಾಡ್ರಿ ರೈಟ್ರೇ,” ಅಂದರು. “ನಂಗೆ ಕೊಟ್ಬುಡಿ. ದನಕ್ಕೆ ಕಲಗಚ್ಚು ಇಡಾಕೆ ಆಯ್ತದೆ. ನಿಮ್ ಹೊಸ ತೆನೆ ಹಬ್ಬ ಕಳೀಲಿ, ಎತ್ತು ಹೊಡ್ಕಂಡ್ ಬಂದು ಎಳ್ಕಂಡ್ ಹೋಯ್ತೀನಿ.”

ನಾನು ಹೂಂ ಎಂದೆ. ಗಡಿಗೆ ಕಾಲಿಗೆ ತಾಗಿದ್ದು, ಅವರು ಎತ್ತು ತರುತ್ತೇನೆಂದಿದ್ದ ದಿನದ ಹಿಂದಿನ ಸಂಜೆ.

ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರನ ಅಂಗಳಕ್ಕೆ ಕರಾವಳಿಯ ದೋಣಿ ಹೇಗೆ ಬಂತು ಎಂದು ನೀವು ಕೇಳುವುದು ಸಹಜ. ಬಂದ ದಿನ ತೋಟದ ಯಜಮಾನರಾದ ದೊರೆಯೂ ಅದನ್ನೇ ಕೇಳಿದ್ದರು. ನಾನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ, ನನಗೂ ಸರಿಯಾಗಿ ಅರ್ಥವಾಗಿರಲಿಲ್ಲ.

ರೆಜಿನಾ ಮಂಗಳೂರಿನ ಅಳಿವೆಯ ದಂಡೆಯ ಮನೆಯವಳು. ಅಲ್ಲಿ ಇಗರ್ಜಿಗೆ ಹೋಗುವುದೂ ದೋಣಿಯಲ್ಲಿ, ಮದುವೆ ದಿಬ್ಬಣವೂ ದೋಣಿಯಲ್ಲಿ. ನಾನೂ ಅದೇ ಸೀಮೆಯವನೇ, ಆದರೆ ಗುಡ್ಡದ ಮೇಲಿನವನು. ಹೊಳೆಯನ್ನು ದೂರದಿಂದ ನೋಡಿ ಗೌರವ ತೋರಿಸಿ ಅಭ್ಯಾಸ. ಮದುವೆಯಾಗಿ ಅವಳು ಈ ಬೆಟ್ಟದ ಸೀಮೆಗೆ ಬಂದಾಗ ಮೊದಲ ಕೆಲವು ತಿಂಗಳು ಬಹಳ ಕಷ್ಟವಾಯಿತು. ಅಳುತ್ತಿರಲಿಲ್ಲ, ಊಟ ಮಾಡುತ್ತಿರಲಿಲ್ಲ, ಅಷ್ಟೆ. ಶುಕ್ರವಾರ ನಮ್ಮ ಕ್ರೈಸ್ತರಿಗೆ ಮಾಂಸವಿಲ್ಲ, ಮೀನು ಆಗಬಹುದು. ಕಾಫಿ ಇಳಿಸಿ ವಾಪಸು ಬರುವ ಗಾಡಿಗಳಲ್ಲಿ ಉಪ್ಪಿನ ಜೊತೆ ಒಣಮೀನು ಬರುತ್ತಿತ್ತು. ಘಾಟಿ ಹತ್ತುವಷ್ಟರಲ್ಲಿ ಅದು ಮೀನು ಎಂದು ಹೇಳಿದರೆ ಮಾತ್ರ ತಿಳಿಯುವಂತಾಗುತ್ತಿತ್ತು. ಒಂದು ಶುಕ್ರವಾರ ಅವಳು ತಟ್ಟೆ ಸರಿಸಿ ಹೇಳಿದಳು. ನಾವು ಮನೆಯಲ್ಲಿ ಆಡುತ್ತಿದ್ದುದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಷ್ಟು ದೊಡ್ಡ ಹೊಳೆ ತೋಟದ ಕೆಳಗೆ ಹರೀತಾ ಇದೆ. ನೀವು ಘಾಟಿ ಕೆಳಗಿಂದ ಒಣಮೀನು ತರಿಸಿ ತಿಂತೀರಿ. ಎಂಥ ಜನ ನೀವು?”

ದಡದಲ್ಲಿ ಕೂತು ಗಾಳ ಹಾಕುವವರು ಕೂಲಿಗಳ ಲೈನಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರಿಗೆ ಸಿಗುತ್ತಿದ್ದುದು ಬೆರಳುದ್ದದ ಮೀನು. ದೊಡ್ಡ ಮೀನು ಇರುವುದು ಹೇಮಾವತಿಯ ನಡುವೆ, ಕರಿಬಂಡೆಯ ಅಡಿಯ ಮಡುವಿನಲ್ಲಿ. ಅಲ್ಲಿಗೆ ದಡದಿಂದ ಗಾಳ ಮುಟ್ಟುವುದಿಲ್ಲ. ದೋಣಿಯಿದ್ದರೆ ಮುಟ್ಟಬಹುದಿತ್ತು ಎಂದು ಅವಳು ಒಮ್ಮೆ ಹೇಳಿದಳು. ಮತ್ತೆ ಹೇಳಲಿಲ್ಲ. ಕೊಯ್ಲು ಮುಗಿದ ಮೇಲೆ ಅಪ್ಪನ ಮನೆಗೆ ಹೋಗುತ್ತೇನೆ ಎಂದಳು. ಹೋಗಿ ಬರುತ್ತೇನೆ ಎನ್ನಲಿಲ್ಲ. ಆ ಒಂದು ಮಾತು ಸೇರದೇ ಹೋದದ್ದು ನನ್ನನ್ನು ರಾತ್ರಿಯೆಲ್ಲ ಕೊರೆಯಿತು.

ಆ ಕೊಯ್ಲಿನ ಮೊದಲ ಕಾಫಿ ಗಾಡಿಗಳ ಜೊತೆ ನಾನೇ ಮಂಗಳೂರಿಗೆ ಇಳಿದೆ. ಅವಳಿಗೆ ಹೇಳದೆ ದೋಣಿ ತರಬೇಕೆಂಬುದು ನನ್ನ ಲೆಕ್ಕಾಚಾರ. ಮಾವನನ್ನು ಕರೆದುಕೊಂಡು ದೋಣಿ ಕಟ್ಟುವ ಮರಳು ದಂಡೆಗೆ ಹೋದೆ. ಮೊದಲ ಸಲ ದೋಣಿ ಕೊಳ್ಳಲು ಹೋದವನ ಅವಸ್ಥೆ ಮೊದಲ ಸಲ ಹೆಣ್ಣು ನೋಡಲು ಹೋದವನ ಅವಸ್ಥೆಯೇ. ಕಣ್ಣು ಮಾತ್ರ ಕೆಲಸ ಮಾಡುತ್ತದೆ. ಅಲ್ಲಿ ಒಂದು ಉದ್ದನೆಯ ಕಿರಿದಾದ ದೋಣಿ ಇತ್ತು. ಎರಡೂ ತುದಿ ಚೂಪಾಗಿ ಮೇಲಕ್ಕೆ ಬಾಗಿದ್ದವು. ಹೊಸ ಎಣ್ಣೆಯಲ್ಲಿ ಅದು ಮಿರಮಿರ ಮಿಂಚುತ್ತಿತ್ತು. ನನಗೆ ಬೇರೇನೂ ಕಾಣಲಿಲ್ಲ.

ಮಾವ ಮಾತು ಕಡಿಮೆಯವರು. “ಕೂರುವವರು ಎಷ್ಟು ಜನ?” ಎಂದು ಕೇಳಿದರು.

“ಇಬ್ಬರು.”

“ನಿಮ್ಮ ಹೊಳೆಯಲ್ಲಿ ಕಲ್ಲು ಇದೆಯೋ?”

“ಇದೆ ಮಾವ. ಕಲ್ಲಿಗೇನೂ ಕೊರತೆಯಿಲ್ಲ.”

ಅವರು ಪಕ್ಕದಲ್ಲಿದ್ದ ಒಂದು ಗಿಡ್ಡ ದೋಣಿಯನ್ನು ಕಾಲಲ್ಲಿ ಮುಟ್ಟಿ ತೋರಿಸಿದರು. ಹೊಟ್ಟೆ ಅಗಲ, ಹಿಂಭಾಗ ಮೊಂಡು. ಅದು ದನದ ಮರಿಗೆಯ ಹಾಗಿದೆ ಎಂದು ನಾನು ನಕ್ಕೆ. ಮಾವ ನಗಲಿಲ್ಲ. “ಸರಿ, ಹೊಳೆ ನಿಮ್ಮದು,” ಎಂದರು.

ಚಂದದ ದೋಣಿ ಉಪ್ಪಿನ ಗಾಡಿಯ ಮೇಲೇರಿ ಘಾಟಿ ಹತ್ತಿತು. ಗಾಡಿಗಿಂತ ದೋಣಿ ಉದ್ದ. ಮುಂದಿನ ಮೂತಿ ಎತ್ತುಗಳ ತಲೆಯ ಮೇಲೆ ಚಾಚಿತ್ತು. ಹಿಂದಿನದು ಹಿಂದಿನ ಗಾಡಿಯ ಎತ್ತುಗಳ ಮೂಗಿಗೆ ತಾಗುತ್ತಿತ್ತು. ಪ್ರತಿ ತಿರುವಿನಲ್ಲೂ ಅದನ್ನು ಇಳಿಸಿ, ತಿರುಗಿಸಿ, ಮತ್ತೆ ಏರಿಸಬೇಕು. ಗಾಡಿಯವರಲ್ಲಿ ಹಿರಿಯನೊಬ್ಬ ಮೂರನೆಯ ತಿರುವಿನಲ್ಲಿ ನೊಗಕ್ಕೆ ಒರಗಿ ನಿಂತ. “ಅಲ್ಲ ಮಾರಾಯ್ರೇ, ಹೊಳೆ ಇಲ್ದಿರೋ ಕಡೆ ದೋಣೀನ ಮನುಷ್ಯ ಹೊತ್ಕಂಡ್ ಹೋದ್ರೆ ಅದಕ್ಕೆ ಏನಂತಾರೆ?” ಎಂದು ಕೇಳಿದ. ಇನ್ನೊಬ್ಬ, “ಮದ್ವೆ ಅಂತಾರೆ ಕಣಣ್ಣ, ದೋಣಿ ಎತ್ತು,” ಎಂದ. ಹೆಗ್ಗದ್ದೆ ದಾಟುವಾಗ ಅಕಾಲದ ಮಳೆ ಬಂತು. ದೋಣಿ ಕವುಚಿ ಉಪ್ಪಿನ ಚೀಲಗಳ ಜೊತೆ ನಾವೆಲ್ಲ ಅದರಡಿ ಕುಳಿತೆವು. ಆಮೇಲೆ ಗಾಡಿಯವರು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದರು.

ರೆಜಿನಾ ಬಂದು ದೋಣಿಯ ಸುತ್ತ ಒಂದು ಸಲ ನಡೆದಳು. ನಾನು ಅದನ್ನು ಸಂತೋಷ ಎಂದುಕೊಂಡೆ. ಭಾನುವಾರ ಪ್ರಾರ್ಥನೆ ಮುಗಿಸಿ, ಲೈನಿನ ಜನ ಎಲ್ಲ ನೋಡುತ್ತಿರುವಾಗ, ನಾನೇ ಹುಟ್ಟು ಹಿಡಿದು ಹೊಳೆಗಿಳಿಸಿದೆ. ದೋಣಿ ಬಾಣದ ಹಾಗೆ ಹೋಯಿತು. ಅದಕ್ಕೆ ಬರುತ್ತಿದ್ದುದು ಅಷ್ಟೇ. ಮೊದಲ ಬಂಡೆ ಎದುರಾದಾಗ ತಿರುಗಿಸಲು ನೋಡಿದೆ, ತಿರುಗಲಿಲ್ಲ. ಅಡ್ಡ ನಿಂತಿತು, ನೀರು ಒತ್ತಿತು, ನಾನು ಕೆಳಗೆ ದೋಣಿ ಮೇಲೆ ಆದೆವು. ಆಚೆ ದಡದಲ್ಲಿ ಎತ್ತು ಮೀಸುತ್ತಿದ್ದ ಬಸಪ್ಪನವರನ್ನು ನಾನು ಮೊದಲು ನೋಡಿದ್ದು ಆಗಲೇ, ಬಂಡೆಯನ್ನು ತಬ್ಬಿಕೊಂಡು.

“ಅದು ನೆಟ್ಟಗೆ ಹೋಗಾಕೆ ಹುಟ್ಟಿರೋ ದೋಣಿ ಕಣ್ರೀ,” ಎಂದು ಕೂಗಿ ಹೇಳಿದರು. “ನಮ್ ಹೊಳೆ ಎಲ್ಲೈತೆ ನೆಟ್ಟಗೆ?”

ಈಚೆ ದಡದಲ್ಲಿ ರೆಜಿನಾ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಹೊಟ್ಟೆ ಹಿಡಿದು ನಗುತ್ತಿದ್ದಳು. ಈ ಊರಿಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆಮೇಲೆ ಸೊಂಟದ ತನಕ ನೀರಿಗಿಳಿದು ಬಂದಳು. ಮೊದಲು ದೋಣಿಯನ್ನು ಹಿಡಿದು ದಡಕ್ಕೆ ಮುಟ್ಟಿಸಿದಳು, ಆಮೇಲೆ ನನ್ನನ್ನು.

“ಬಾಲ ಕೊಯ್ಯಬೇಕು,” ಎಂದಳು.

ಕರಾವಳಿಯ ಆ ದೋಣಿಗಳಿಗೆ ಮೊಳೆಯಿಲ್ಲ. ಹಲಗೆಗಳ ಅಂಚಿಗೆ ಸಾಲಾಗಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಾರೆ, ಗೋಣಿಚೀಲ ಹೊಲಿದ ಹಾಗೆ. ವರ್ಷಕ್ಕೊಮ್ಮೆ ಹೊಲಿಗೆ ಬಿಚ್ಚಿ ಹೊಸದಾಗಿ ಹೊಲಿಯಬೇಕು. ಬಿಚ್ಚಲು ಬರುವುದನ್ನು ಚಿಕ್ಕದು ಮಾಡಲೂ ಬರುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ತೋಟದ ಆಚಾರಿ ಹಿಂದಿನ ಚೂಪು ತುದಿಯನ್ನು ಗರಗಸದಲ್ಲಿ ಕೊಯ್ದ. ಬಾಯಿಬಿಟ್ಟ ಕಡೆಗೆ ರೆಜಿನಾ ಒಂದು ಅಡ್ಡಹಲಗೆ ಇಟ್ಟು ಹೊಲಿದಳು. ನನ್ನ ಕೆಲಸ ಹುರಿಯ ತುದಿಯನ್ನು ಬಿಗಿಯಾಗಿ ಎಳೆದು ಹಿಡಿಯುವುದು. ಮುಗಿದಾಗ ದೋಣಿ ಮಾವ ಕಾಲಲ್ಲಿ ತೋರಿಸಿದ ಆ ಮರಿಗೆಯ ಹಾಗೆಯೇ ಆಗಿತ್ತು. ಅವಳಿಗೆ ಆ ಕಥೆ ಹೇಳಿದ್ದು ಎಷ್ಟೋ ವರ್ಷಗಳಾದ ಮೇಲೆ.

ಕೊಯ್ದ ಬಾಲವನ್ನು ಬಸಪ್ಪನವರು ಕೇಳಿ ತೆಗೆದುಕೊಂಡರು. “ಇದ್ಕೆ ಮೀನು ತಾಗಿಲ್ಲ ತಾನೆ?” ಎಂದು ಅಂಗಳದಲ್ಲಿ ಒಂದು ಸಲ, ಬೇಲಿಯ ಹತ್ತಿರ ಒಂದು ಸಲ ಕೇಳಿದರು. ಹೊಳೆ ದಾಟುವಾಗ ನಿಂತು ತಿರುಗಿ ಮತ್ತೊಮ್ಮೆ ಕೇಳಿದರು. ಅದರ ಬಾಯಿಗೆ ಹಲಗೆ ಬಡಿದು ಇಂದಿಗೂ ಅವರ ಎಮ್ಮೆಗಳಿಗೆ ಅದರಲ್ಲೇ ನೀರು.

ಕೊಯ್ಲು ಮುಗಿಯಿತು. ಅಪ್ಪನ ಮನೆಯ ಮಾತು ಬರಲಿಲ್ಲ. ನಾನು ನೆನಪಿಸಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಶುಕ್ರವಾರಗಳಿದ್ದವು. ಅವಳು ಹಿಂದೆ ಕೂತು ಹುಟ್ಟು ಹಾಕುವಳು, ನಾನು ಮುಂದೆ ಗಾಳ ಹಿಡಿದು ಕೂರುವವನು. ಬಂಡೆಗಳ ನಡುವೆ ಆ ಮೊಂಡು ದೋಣಿ ಎಮ್ಮೆಕರುವಿನ ಹಾಗೆ ಎಲ್ಲಿ ಬೇಕಾದರೂ ತಿರುಗುತ್ತಿತ್ತು. ನಾನೂ ಒಮ್ಮೆ ಹುಟ್ಟು ಹಾಕಲೇ ಎಂದರೆ, “ನೀವು ಅಲ್ಲಾಡದೆ ಕೂತ್ಕೊಳ್ಳಿ, ಅದೇ ದೊಡ್ಡ ಸಹಾಯ,” ಎನ್ನುತ್ತಿದ್ದಳು. ಆ ಮೊದಲ ಭಾನುವಾರದ ನಂತರ ನಾನು ಹುಟ್ಟು ಮುಟ್ಟಲೇ ಇಲ್ಲ. ಕರಿಬಂಡೆಯ ಮಡುವಿನ ಮೀನಿನ ಸಾರು ಉಂಡು ಅವಳ ಮುಖ ತುಂಬಿಕೊಂಡಿತು. ಬಸಪ್ಪನವರು ಎದುರು ದಡದಿಂದ, ಬುಟ್ಟಿಯ ಕಡೆ ನೋಡದೆ, “ಸಿಕ್ತಾ ಅಮ್ಮಾ?” ಎಂದು ಕೇಳುತ್ತಿದ್ದರು.

ಈಗ ಗಡಿಗೆ ಸಿಕ್ಕಿದ ಮರುದಿನಕ್ಕೆ ಬರೋಣ. ಹೇಳಿದ ದಿನ ಬಸಪ್ಪನವರು ಎತ್ತು ಹೊಡೆದುಕೊಂಡು ಬಂದರು. ದೋಣಿಯನ್ನು ಮಗುಚಿದೆವು. ಮಳೆಯ ತೇವಕ್ಕೆ ಹುರಿ ಕೊಳೆತು ಹೊಲಿಗೆ ಅಲ್ಲಲ್ಲಿ ಬಾಯಿಬಿಟ್ಟಿತ್ತು. ಬಸಪ್ಪನವರು ಸಂದಿಯಲ್ಲಿ ಬೆರಳು ತೂರಿಸಿ ನನ್ನ ಕಡೆ ಆಡಿಸಿ ತೋರಿಸಿದರು.

“ಇದ್ರಾಗೆ ಕಲಗಚ್ಚು ನಿಲ್ತದಾ ರೈಟ್ರೇ? ಎಲ್ಲಾ ಸೋರೋಯ್ತದೆ. ಹೊಲ್ದು ಕೊಡಿ.”

“ನನಗೆ ಹೊಲಿಯಲು ಬರುವುದಿಲ್ಲ ಬಸಪ್ಪನವರೇ.”

“ಅಷ್ಟ್ ವರ್ಸ ಅಮ್ಮಾರ ಎದುರ್ಗೇ ಕೂತಿದ್ರಲ್ಲ. ಕಣ್ಣು ಮುಚ್ಕಂಡ್ ಕೂತಿದ್ರಾ?” ಎಂದು ಎತ್ತು ತಿರುಗಿಸಿಕೊಂಡು ಹೊರಟೇಹೋದರು.

ಅಟ್ಟದಲ್ಲಿ ಅವಳು ತರಿಸಿಟ್ಟಿದ್ದ ಹುರಿಯ ಸುರುಳಿ ಇತ್ತು. ನೀರಲ್ಲಿ ನೆನೆಸಿದೆ. ಒಬ್ಬನೇ ಹೊಲಿಯುವುದು ಕಷ್ಟ. ಎಳೆದು ಹಿಡಿಯುವವನೂ ನಾನೇ, ಪೋಣಿಸುವವನೂ ನಾನೇ. ಹುರಿಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡೆ. ಬಸಪ್ಪನವರು ಸಂಜೆ ಹೊತ್ತು ಬಂದು ಜಗಲಿಯ ಮೇಲೆ ಕೂತು, “ಅಮ್ಮಾರು ಹಿಂಗೆ ಹೊಲೀತಿರ್ಲಿಲ್ಲ,” ಎನ್ನುತ್ತಿದ್ದರು. ನಾನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಅವಳು ಹೋದ ಮೇಲೆ ನನ್ನ ಎದುರು ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ, ನನಗೆ ನೋವಾಗುತ್ತದೆಂದು. ಈ ಮನುಷ್ಯ ಬೈಯುವ ನೆಪದಲ್ಲಿ ದಿನವೂ ಎತ್ತುತ್ತಿದ್ದರು. ಕೇಳಲು ಹಿತವಾಗಿತ್ತು. ಕೊನೆಗೆ ಗಡಿಗೆಯ ಎಣ್ಣೆ ಬಳಿದೆ.

ಎಣ್ಣೆ ಒಣಗಿದ ದಿನ ಅವರು ಮತ್ತೆ ಎತ್ತು ತಂದರು. ಆಚೆ ದಡಕ್ಕೆ ಒಯ್ಯಬೇಕಲ್ಲ, ಹೊಳೆಯ ತನಕ ಎಳೆದೆವು. ನೀರಂಚಿನಲ್ಲಿ ಅವರು ಎತ್ತು ಬಿಚ್ಚಿ, ದೋಣಿಯ ಒಳಗೆ ಮೂಗು ಚಾಚಿ ಮೂಸಿ, ಮುಖ ಕಿವುಚಿದರು.

“ಊಹೂಂ. ಮೀನಿನ ವಾಸ್ನೆ. ನಮ್ ದನ ಮುಟ್ಟಾಕಿಲ್ಲ. ನೀವೇ ಇಟ್ಕಳಿ.”

ಕೊಯ್ದ ಬಾಲಕ್ಕೆ ಮೀನು ತಾಗಿಲ್ಲ ತಾನೆ ಎಂದು ಹೊಳೆಯ ನಡುವೆ ನಿಂತು ಕೇಳಿದ ಮನುಷ್ಯ, ಇಷ್ಟು ವರ್ಷ ಮೀನು ಹೊತ್ತ ದೋಣಿಯಲ್ಲಿ ದನಕ್ಕೆ ಕಲಗಚ್ಚು ಇಡುತ್ತೇನೆಂದಾಗ ನಾನು ನಂಬಿಬಿಟ್ಟಿದ್ದೆ. ಅವರಿಗೆ ಬೇಕಾಗಿದ್ದುದು ಅಂದು ನಾನು ಕೈಯ ಕೊಡಲಿಯನ್ನು ಕೆಳಗಿಡುವುದು, ಅಷ್ಟೇ.

“ಹೊಲ್ದಿದ್ದು ಸರಿಯಾಗೈತಾ ನೋಡೋದ್ ಬ್ಯಾಡ್ವಾ?” ಎಂದರು. “ಹತ್ತಿ.”

ಯಾವ ಕಡೆ ಕೂರಲಿ ಎಂದು ತಿಳಿಯದೆ ನಿಂತೆ. ಆಮೇಲೆ ಹಿಂದೆ, ಅವಳ ಜಾಗದಲ್ಲಿ ಕೂತೆ. ಮುಂದಿನ ಮೂತಿ ನೀರು ಬಿಟ್ಟು ಮೇಲೆದ್ದಿತು. ಬಸಪ್ಪನವರು ದಡದ ಒಂದು ದೊಡ್ಡ ಕಲ್ಲನ್ನು ಹೊಟ್ಟೆಗೆ ಆತುಕೊಂಡು ತಂದು, ನಾನು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ ಇಟ್ಟರು. ಮೂತಿ ಇಳಿಯಿತು, ದೋಣಿ ಸಮನಾಯಿತು. ಇಷ್ಟು ವರ್ಷ ಆ ದೋಣಿಯಲ್ಲಿ ನಾನು ಮಾಡಿದ ಕೆಲಸವನ್ನು ಒಂದು ಕಲ್ಲು ಚೆನ್ನಾಗಿಯೇ ಮಾಡಿತು.

ಹುಟ್ಟು ಹಾಕಿದೆ. ದೋಣಿ ನಿಂತಲ್ಲೇ ಒಂದು ಸುತ್ತು ತಿರುಗಿತು. ದಡದಿಂದ, “ಹೊಳೆ ಆ ಕಡೆ ಐತೆ ಮಾರಾಯ್ರೇ,” ಎಂಬ ಮಾತು ಬಂತು. ಎರಡನೆಯ ಸಲ ಅವಳು ಮಣಿಕಟ್ಟನ್ನು ಹೇಗೆ ಒಳಕ್ಕೆ ತಿರುಗಿಸುತ್ತಿದ್ದಳೆಂಬುದು ನೆನಪಾಯಿತು. ಬೆನ್ನು ಹಾಕಿ ಕೂತವನಿಗೆ ಅದು ಹೇಗೆ ನೆನಪಿತ್ತೋ ತಿಳಿಯದು. ದೋಣಿ ಬಂಡೆಗಳ ನಡುವೆ ತೂರಿಕೊಂಡು ಮಡುವಿಗೆ ಹೋಯಿತು. ಹೊಲಿಗೆಯ ಒಂದು ಕಡೆ ತುಸು ನೀರು ಜಿನುಗಿತು, ಅಷ್ಟೆ. ಕರಿಬಂಡೆಯ ನೆರಳಿನಲ್ಲಿ ದೋಣಿ ನಿಲ್ಲಿಸಿದೆ. ಗಾಳ ತಂದಿರಲಿಲ್ಲ. ಕೆಳಗೆ ಮೀನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು.

ಇದನ್ನು ಬರೆಯುತ್ತಿರುವ ಕೈಯ ಎರಡು ಬೆರಳು ಕಪ್ಪಾಗಿವೆ. ಬೆಳಿಗ್ಗೆ ಸೀಗೆಪುಡಿ ಹಾಕಿ ಉಜ್ಜಲು ಹೊರಟವನು ಅವಳ ಬೆರಳು ನೆನಪಾಗಿ ಬಿಟ್ಟುಬಿಟ್ಟೆ. ಜಿನುಗುವ ಕಡೆ ಇವತ್ತು ಇನ್ನೊಂದು ಸುತ್ತು ಹುರಿ ಬಿಗಿಯಬೇಕು. ಕಲ್ಲು ದೋಣಿಯಲ್ಲೇ ಇದೆ. ನಾಳೆ ಶುಕ್ರವಾರ.